ಬೇಲಿಗೂ ಒಂದು ಸುಗ್ಗಿಯಿದೆ

ಹಸ್ತ ಮಳೆ ಹಿಂದೆ ಸರಿದು ಚಿತ್ತಿಯ ಬಿಸಿಲು ಚುರುಗುಟ್ಟುವ ದಿನಗಳಲ್ಲಿ ಗಡಹಿಂಗ್ಲಜ ತಾಲೂಕಿನ ನೇಸರಿಯ ಸುತ್ತಮುತ್ತ ಒಕ್ಕಲಿಗರ ಕಣ್ಣೆಲ್ಲ ಹೊಲದ ನಡುವೆ ನೆಟ್ಟಿರುತ್ತದೆ. ಭತ್ತ ತೆನೆ ಬಾಗಿಸಿರುತ್ತದೆ, ಶೇಂಗಾ ಕೀಳುವ ಹೊತ್ತು ಬಂದಿರುತ್ತದೆ, ಕಬ್ಬು ತನ್ನ ಕಡಿತದ ಪಾಳಿಗಾಗಿ ಕಾಯುತ್ತಿರುತ್ತದೆ. ಅದೇ ವೇಳೆಗೆ ಹೊಲದ ಅಂಚಿನಲ್ಲಿ ಇನ್ನೊಂದು ಬೆಳೆ ಸದ್ದಿಲ್ಲದೆ ಹಣ್ಣಾಗುತ್ತಿರುತ್ತದೆ. ಅದನ್ನು ಯಾರೂ ಬಿತ್ತಿಲ್ಲ, ಅದಕ್ಕೆ ಯಾರೂ ನೀರು ಬಿಟ್ಟಿಲ್ಲ, ಅದರ ಹೆಸರಿನಲ್ಲಿ ಯಾರೂ ಸಾಲ ತಂದಿಲ್ಲ. ಬೇಲಿಯ ಸೀತಾಫಲ, ಬೇಲಿಯ ತೊಂಡೆ, ಬೇಲಿಯ ಬಾರಿ, ಬೇಲಿಯ ಗುಲಗಂಜಿ ಎಂದು ನಾವು ಹೇಳುವಾಗ ಆ ‘ಬೇಲಿಯ’ ಎಂಬ ಮಾತಿನಲ್ಲಿ ಸ್ವಲ್ಪ ತಾತ್ಸಾರವೂ ಸೇರಿಕೊಂಡಿದೆ. ಈ ತಾತ್ಸಾರ ತಪ್ಪು ಎಂಬುದೇ ನನ್ನ ವಾದ. ಬೇಲಿ ಗಡಿಯೂ ಹೌದು, ಬೆಳೆಯೂ ಹೌದು. ಬೆಳೆ ಎಂದಮೇಲೆ ಅದಕ್ಕೊಂದು ಸುಗ್ಗಿಯಿರಬೇಕು. ಸುಗ್ಗಿಗೆ ಮೊದಲೇ ಕುಡುಗೋಲು ಹಾಕಬಾರದೆಂಬ ಒಕ್ಕಲುತನದ ನಿಯಮ ಅದಕ್ಕೂ ಸಲ್ಲಬೇಕು.

ಮೊದಲು ಈ ಬೆಳೆ ಎಂಥದೆಂದು ನೋಡೋಣ. ಪಶ್ಚಿಮಕ್ಕೆ ಅಂಬೋಲಿ ಘಟ್ಟದ ಮೇಲೆ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಆ ಕಡೆ ಹುಟ್ಟಿದ ಹಿರಣ್ಯಕೇಶಿ ಆಜರಾ ದಾಟಿ, ಗಡಹಿಂಗ್ಲಜ ಹಾದು, ಸಂಕೇಶ್ವರದತ್ತ ಹೊರಳುವಷ್ಟರಲ್ಲಿ ಮಳೆ ಅದರ ಒಂದು ಸಣ್ಣ ಪಾಲಿಗೆ ಇಳಿದಿರುತ್ತದೆ. ಅರ್ಧ ದಿನದಲ್ಲಿ ಬಸ್ಸಿನಲ್ಲಿ ದಾಟಬಹುದಾದ ಈ ಹಾದಿಯುದ್ದಕ್ಕೂ ಬೇಲಿಯ ಗಿಡಗಳು ಬದಲಾಗುತ್ತ ಹೋಗುತ್ತವೆ. ಆಜರಾ, ಚಂದಗಡದ ಕಡೆ ಕವಳಿ, ಸೀಗೆ, ಲಕ್ಕಿ, ನೇರಳೆ. ನೂಲ, ಹಲಕರ್ಣಿ, ಬಸರ್ಗೆಯ ಕಡೆ, ಅಂದರೆ ಕನ್ನಡ ಮಾತು ದಟ್ಟವಾಗುವ ಪೂರ್ವದ ಒಣನೆಲದಲ್ಲಿ, ಬಾರಿ, ಪರಗಿ, ಕಾರಿ, ಸೀತಾಫಲ, ಕತ್ತಾಳೆ. ನೇಸರಿ ಈ ಎರಡರ ನಡುವೆ ಇರುವ ಊರು. 1674ರಲ್ಲಿ ಮರಾಠಾ ಸೇನಾಪತಿ ಪ್ರತಾಪರಾವ್ ಗುಜರ್ ಮತ್ತು ಅವರ ಆರು ಮಂದಿ ಸಂಗಡಿಗರು ಕಾಳಗದಲ್ಲಿ ಬಿದ್ದ ನೇಸರಿಯ ಕಣಿವೆಯನ್ನು ಎಲ್ಲರೂ ಬಲ್ಲರು. ಆದರೆ ಘಟ್ಟದ ಗಿಡವೂ ಬಯಲ ಗಿಡವೂ ಒಂದೇ ಬದುವಿನ ಮೇಲೆ ಮೈಗೆ ಮೈ ತಾಗಿಸಿ ನಿಲ್ಲಬಲ್ಲ ನೆಲ ಇದು ಎಂಬುದನ್ನು ಗಮನಿಸಿದವರು ಕಡಿಮೆ.

ಇವೆಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ, ಮತ್ತು ಬೇಲಿಯ ಬೆಲೆ ಇರುವುದೇ ಅಲ್ಲಿ. ಕವಳಿ ಬೇಸಿಗೆಯದು, ಮುಂಗಾರಿಗೆ ಮೊದಲೇ ಮುಗಿದುಹೋಗುತ್ತದೆ. ಶರದೃತುವಿನ ಮಾತಿನಲ್ಲಿ ಅದನ್ನು ತರುವಂತಿಲ್ಲ. ಮಡಹಾಗಲ ಮಳೆಯೊಡನೆ ಬಂದು ಮಳೆಯೊಡನೆ ಹೋಗಿ, ನೆಲದೊಳಗಿನ ಗೆಡ್ಡೆಯಾಗಿ ಮುಂದಿನ ವರ್ಷಕ್ಕೆ ಕಾಯುತ್ತದೆ. ಭಾದ್ರಪದ ಮುಗಿಯುವಾಗ ಸೀತಾಫಲದ ಸರದಿ. ಕಾಯಿಯ ಗುಬ್ಬಿಗಳ ನಡುವಿನ ಗೆರೆ ಅಗಲವಾಗಿ ಬೆಳ್ಳಗಾದರೆ ಅದು ಕಣ್ಣು ಬಿಟ್ಟಿತೆಂದು ಲೆಕ್ಕ. ಕಿತ್ತು ಕಾಳಿನಲ್ಲೋ ಹುಲ್ಲಿನಲ್ಲೋ ಮುಚ್ಚಿಟ್ಟರೆ ಎರಡು ಮೂರು ದಿನಕ್ಕೆ ಹಣ್ಣು. ಆಶ್ವಿಜದಲ್ಲಿ ತೊಂಡೆ ಕೆಂಪಾಗಿ ಪಿಕಳಾರಗಳನ್ನು ಕರೆಯುತ್ತದೆ. ಬಳ್ಳಿಗಳು ಒಣಗುತ್ತಿದ್ದಂತೆ ಗುಲಗಂಜಿಯ ಕೋಡು ಸಿಡಿದು ಕೆಂಪು ಮೈ, ಕರಿ ಕಣ್ಣಿನ ಕಾಳು ಹೊರಗೆ ಇಣುಕುತ್ತದೆ. ಮುಳ್ಳುಮುಳ್ಳಿನ ಕೋಡಿನೊಳಗೆ ಗಜ್ಜುಗ ಬೂದು ಬಣ್ಣಕ್ಕೆ ತಿರುಗುತ್ತದೆ. ಔಡಲದ ಗೊನೆ ಬಿಸಿಲಿಗೆ ಚಟಚಟನೆ ಒಡೆಯುತ್ತದೆ. ಈ ಹೊತ್ತಿಗೆ ಬಾರಿ ಗಿಡ ಇನ್ನೂ ಹೂವಿನಲ್ಲಿರುತ್ತದೆ. ಕಾರ್ತಿಕಕ್ಕೆ ಹಸಿರು ಕಾಯಿ, ಮಾರ್ಗಶಿರ ಪುಷ್ಯಕ್ಕೆ ಹಣ್ಣು. ಹೊಲ ಒಂದು ಬೆಳೆಯನ್ನು ಒಮ್ಮೆ ಕೊಟ್ಟು ಬರಿದಾಗಿ ಮಲಗಿದರೆ ಬೇಲಿ ತಿಂಗಳಿಗೊಂದರಂತೆ ಸರದಿಯಲ್ಲಿ ಕೊಡುತ್ತ ಹೋಗುತ್ತದೆ.

ಇದು ಬೆಳೆಯೆಂದು ನಮ್ಮ ಹಿರಿಯರು ಒಪ್ಪಿದ್ದರೆನ್ನಲು ಪುರಾವೆ ಬೇಕಾದರೆ ಪಂಚಾಂಗವನ್ನು ನೋಡಬೇಕು. ನರಕ ಚತುರ್ದಶಿಯ ಬೆಳಗ್ಗೆ ಕೊಲ್ಹಾಪುರದ ಕಡೆ ಕಾಲಿನಡಿ ಹಾಕಿ ಒಡೆಯುವ ಕಾರೀಟ, ಬೇಲಿಗೂ ಬೀಳುನೆಲಕ್ಕೂ ಹಬ್ಬುವ ಕಹಿಯಾದ ಪುಟ್ಟ ಕಾಯಿ. ಮಲೆನಾಡಿನ ಕನ್ನಡಿಗರ ದೀಪಾವಳಿಯಲ್ಲಿ ಹಿಂಡಲಕಾಯಿಗೆ ಇಂಥದೇ ಪಾತ್ರ. ಕಾರ್ತಿಕದ ತುಳಸಿ ಲಗ್ನಕ್ಕೆ ಕಬ್ಬಿನ ಜೊತೆಗೆ ಕಾಯಿಬಿಟ್ಟ ನೆಲ್ಲಿಯ ಟೊಂಗೆ, ಎಳೆ ಹುಣಸೆ, ಆ ವರ್ಷದ ಮೊದಲ ಬಾರಿಕಾಯಿ ಬೇಕು. ಸಂಕ್ರಾಂತಿಯಲ್ಲಿ ಸುಗಡದ ಮಡಕೆಯೊಳಗೆ ಬಾರಿ ಹಣ್ಣು ಬೀಳಲೇಬೇಕು. ಚಿಕ್ಕ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ತಲೆಯ ಮೇಲೆ ಬಾರಿ ಹಣ್ಣು, ಕಬ್ಬಿನ ತುಂಡು, ಚುರುಮುರಿ ಸುರಿಯುವ ಪದ್ಧತಿಗೆ ಮರಾಠಿಯಲ್ಲಿ ಬೋರನ್ಹಾಣ ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಕರಿ ಎರೆಯುವುದು ಎನ್ನುತ್ತಾರೆ. ಎಲ್ಲರೂ ಮಾಡಬೇಕಾದ ಹಬ್ಬ ಎಲ್ಲರ ಕೈಗೆ ಎಟುಕುವ ಪದಾರ್ಥವನ್ನೇ ಕೇಳುತ್ತದೆ. ಹೊಲವಿದ್ದವರ ಮನೆಯಲ್ಲೂ ಹೊಲವಿಲ್ಲದವರ ಮನೆಯಲ್ಲೂ ಆ ತಿಂಗಳಲ್ಲಿ ದುಡ್ಡಿಲ್ಲದೆ ಸಿಗುತ್ತಿದ್ದದ್ದು ಬೇಲಿಯ ಹಣ್ಣು. ದಾರಿಯ ಬದಿಗೆ ಬಾಗಿದ ಕೊಂಬೆಯ ಹಣ್ಣನ್ನು ದಾರಿಹೋಕ ಕಿತ್ತರೆ ಅದು ಕಳವಲ್ಲ ಎಂಬ ತಿಳಿವಳಿಕೆ ಬರೆದಿಟ್ಟ ಯಾವ ಕಾಯಿದೆಯೂ ಇಲ್ಲದೆ ನಡೆದುಬಂತು. ಈಗ ಅದೇ ನೆಲ್ಲಿಯ ಟೊಂಗೆಯನ್ನು, ಅದೇ ಒಂದು ಮುಷ್ಟಿ ಬಾರಿಯನ್ನು ಗಡಹಿಂಗ್ಲಜ, ಇಚಲಕರಂಜಿಯ ಪೇಟೆಯಲ್ಲಿ ಹಣ ಕೊಟ್ಟು ತರಬೇಕು. ಹಬ್ಬ ಉಳಿದಿದೆ, ಅದನ್ನು ಸಾಕುತ್ತಿದ್ದ ಬೇಲಿ ಕಾಣೆಯಾಗುತ್ತಿದೆ.

ಕಾಣೆಯಾಗಲು ಕಾರಣ ಯಾರ ದುರುದ್ದೇಶವೂ ಅಲ್ಲ. ಏತ ನೀರಾವರಿ ಬಂದಮೇಲೆ ಕಬ್ಬು ಬದುವಿನವರೆಗೂ ಒತ್ತಿ ಬಂತು. ಟ್ರ್ಯಾಕ್ಟರಿಗೆ ನೇರ ಸಾಲು ಬೇಕು, ತಿರುಗಲು ಜಾಗ ಬೇಕು. ದೀಪಾವಳಿಯ ಸುಮಾರಿಗೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗುತ್ತಲೇ ಕಬ್ಬು ತುಂಬಿದ ಟ್ರಾಲಿಗಳು ಹೊಲದ ದಾರಿಗಿಳಿಯುತ್ತವೆ, ಅವಕ್ಕೆ ಅಡ್ಡವಾಗುವ ಕೊಂಬೆಗಳು ಉರುಳುತ್ತವೆ. ಅಣ್ಣತಮ್ಮಂದಿರ ನಡುವೆ ಹೊಲ ಪಾಲಾದಾಗ ಬದು ಕಿರಿದಾಗುತ್ತದೆ, ಮರುವರ್ಷ ನೇಗಿಲು ಅದನ್ನೂ ಕೆರೆಯುತ್ತದೆ, ಕೊನೆಗೆ ಸಿಮೆಂಟಿನ ಕಂಬ, ತಂತಿ. ಕಾಗದವೂ ಬೇಲಿಯ ಪರವಾಗಿಲ್ಲ. ಹೊಲದ ದಾಖಲೆಯಾದ ಸಾತಬಾರಾ ಉತಾರದಲ್ಲಿ ಸಾಗುವಳಿಗೆ ಬಾರದ ನೆಲವನ್ನು ‘ಪೋಟ ಖರಾಬ’ ಎಂದು ಬರೆಯುತ್ತಾರೆ. ಬೆಳೆಯ ಕಾಲಂನಲ್ಲಿ ಕಬ್ಬು, ಭತ್ತ, ಶೇಂಗಾ ಇರುತ್ತವೆ; ಬದುವಿನ ಮೇಲಿನ ಪರಗಿ, ಕಾರಿ, ತೊಂಡೆಗೆ ಅಲ್ಲಿ ಹೆಸರೇ ಇಲ್ಲ. ಕಾಗದದಲ್ಲಿ ಹೆಸರಿಲ್ಲದ್ದನ್ನು ಕಳೆದುಕೊಂಡಾಗ ನಷ್ಟವಾಯಿತೆಂದು ಯಾರಿಗೂ ಅನಿಸುವುದಿಲ್ಲ.

ನಷ್ಟ ಮಾತ್ರ ನಿಜವಾದದ್ದೇ, ಮತ್ತು ಅದು ಹೊಲದೊಳಗೂ ಬರುತ್ತದೆ. ಗುರೆಳ್ಳಿನ ಉದಾಹರಣೆ ತೆಗೆದುಕೊಳ್ಳಿ. ಈ ಗುಡ್ಡಗಾಡಿನ ಹಳೆಯ ಎಣ್ಣೆಕಾಳು ಅದು. ತನ್ನದೇ ಪರಾಗದಿಂದ ಕಾಳು ಕಟ್ಟುವ ಗುಣ ಅದಕ್ಕಿಲ್ಲ, ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಒಯ್ಯಲು ಜೇನು ಬೇಕೇ ಬೇಕು. ಒಂದೇ ತಟ್ಟೆಯ ಗೂಡು ಕಟ್ಟುವ ಕೋಲುಜೇನು ಪೊದೆಯ ಕೊಂಬೆಗೇ ಗೂಡು ತೂಗುಹಾಕುತ್ತದೆ. ಸಿಮೆಂಟಿನ ಕಂಬದ ಸಾಲು ಅದಕ್ಕೆ ಮನೆಯಾಗದು. ಗುರೆಳ್ಳು ಹೂಬಿಡುವ ದಿನಗಳಲ್ಲೇ ಬಾರಿಯೂ ಹೂಬಿಟ್ಟು, ಹೊಲದ ಹೂ ಮುಗಿದರೂ ಜೇನಿಗೆ ಹತ್ತಿರದಲ್ಲಿ ಮೇವು ಇರುವಂತೆ ನೋಡಿಕೊಳ್ಳುತ್ತದೆ. ಕಬ್ಬಿಗೆ ಜೇನು ಬೇಡ, ನಿಜ. ಆದರೆ ಕಬ್ಬೊಂದನ್ನೇ ಅಳತೆಗೋಲಾಗಿ ಹಿಡಿದು ಬೇಲಿಯನ್ನು ಅಳೆದರೆ ಗುರೆಳ್ಳು, ತೊಗರಿ, ಸೌತೆ, ಕುಂಬಳ ಎಲ್ಲಕ್ಕೂ ಅನ್ಯಾಯ ಮಾಡಿದಂತಾಗುತ್ತದೆ.

ಪೇಟೆಯಲ್ಲಿ ಇದಕ್ಕಿಂತ ದೊಡ್ಡ, ಸಿಹಿಯಾದ ಹಣ್ಣು ಸಿಗುತ್ತಿರುವಾಗ ಮುಳ್ಳಿನ ಕಾಡುಬಾರಿ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಹೌದು, ಥಾಯ್ಲೆಂಡಿನಿಂದ ಬಂದ ಸೇಬುಬಾರಿ ಇತ್ತೀಚಿನ ವರ್ಷಗಳಲ್ಲಿ ಮಹಾರಾಷ್ಟ್ರದ ತೋಟಗಳಲ್ಲಿ ಬೇಗ ಹರಡಿತು, ಉಮ್ರಾನ್ ತಳಿ ಅದಕ್ಕೂ ಮೊದಲಿನದು. ಆದರೆ ಇಂಥ ತಳಿಗಳನ್ನು ಕಣ್ಣು ಕಸಿ ಮಾಡಿ ಬೆಳೆಸುವುದು ಕಾಡುಬಾರಿಯ ಬೇರಿನ ಮೇಲೆ. ಬರವನ್ನು ತಡೆಯುವ ಆಳವಾದ ತಾಯಿಬೇರು ಆ ಕಾಡುಗಿಡದ ಕೊಡುಗೆ. ಬದುವಿನ ಮೇಲೆ ತಾನಾಗಿ ಎದ್ದ ಬಾರಿಗೆ ಇದ್ದಲ್ಲೇ ಕಸಿ ಕಟ್ಟಿದರೆ ಎರಡು ಮೂರು ವರ್ಷದಲ್ಲಿ ಪೇಟೆಯ ಹಣ್ಣೇ ಬೇಲಿಯಲ್ಲಿ ಬಿಡುತ್ತದೆ. ಹಾಗಾಗಿ ಕಾಡುಬಾರಿಯನ್ನೂ ತೋಟದ ಬಾರಿಯನ್ನೂ ಎದುರಾಳಿಗಳೆಂದು ನೋಡುವುದೇ ಸರಿಯಲ್ಲ. ಇನ್ನು ಪೌಷ್ಟಿಕತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ 100 ಗ್ರಾಂ ಕಿತ್ತಳೆಯಲ್ಲಿ ವಿಟಮಿನ್ ಸಿ 30 ಮಿಲಿಗ್ರಾಂ, ಬಾರಿಯಲ್ಲಿ 76, ನೆಲ್ಲಿಕಾಯಿಯಲ್ಲಿ 600. ಅದೇ ಸಂಸ್ಥೆ 2017ರಲ್ಲಿ ಹೊರತಂದ ಹೊಸ ಕೋಷ್ಟಕದಲ್ಲಿ ನೆಲ್ಲಿಯ ಅಂಕಿ 250ರ ಆಸುಪಾಸಿಗೆ ಇಳಿದಿದೆ. ಇಳಿದರೂ ಅದು ಕಿತ್ತಳೆಯ ಹಲವು ಪಟ್ಟು. ಕಾಯಿಲೆ ಬಿದ್ದ ಮನೆಗೆ ದುಡ್ಡು ಕೊಟ್ಟು ಕಿತ್ತಳೆ ಒಯ್ಯುವ ದಾರಿಯಲ್ಲೇ ನೆಲ್ಲಿಯ ಮರವನ್ನು ಸೌದೆಗೆ ಕಡಿಯುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ.

ರೈತರು ಎತ್ತುವ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಜಾಗದ್ದು, ಅದನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. ಲೆಕ್ಕ ಹಾಕೋಣ. ಚೌಕಾಕಾರದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 209 ಅಡಿ. ನಾಲ್ಕೂ ಸುತ್ತ ನಮ್ಮ ಪಾಲಿನ ಎರಡೆರಡು ಅಡಿಯನ್ನು ಬೇಲಿಗೆ ಬಿಟ್ಟರೆ ಹೋಗುವ ನೆಲ 40 ಗುಂಟೆಯಲ್ಲಿ ಒಂದೂವರೆ ಗುಂಟೆ, ನೂರಕ್ಕೆ ನಾಲ್ಕಕ್ಕೂ ಕಡಿಮೆ. ಹೊಲ ಅರ್ಧ ಎಕರೆಯದಾದರೆ ಅದೇ ಬೇಲಿ 20 ಗುಂಟೆಯಲ್ಲಿ ಒಂದು ಗುಂಟೆ ತಿನ್ನುತ್ತದೆ, ನೂರಕ್ಕೆ ಐದು. ನೆರಳನ್ನೂ ಬೇರಿನ ಪೈಪೋಟಿಯನ್ನೂ ಸೇರಿಸಿದರೆ ನಷ್ಟ ಇನ್ನೂ ಹೆಚ್ಚು. ಗೇಣು ಗೇಣು ನೆಲಕ್ಕಾಗಿ ಜಗ್ಗಾಡುವ ಸಣ್ಣ ಹಿಡುವಳಿದಾರರಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದ ನಾಲ್ಕೂ ಸುತ್ತ ಬೇಲಿ ಇರಲೇಬೇಕೆಂದು ನಾನು ಹೇಳುವುದಿಲ್ಲ. ಇಳಿಜಾರಿನ ಕೆಳಗಣ ಬದು, ಹಳ್ಳದ ದಂಡೆ, ಗಾಡಿದಾರಿಯ ಮಗ್ಗುಲು, ಈ ಮೂರು ಕಡೆ ಹೇಗೂ ನೇಗಿಲು ಸರಿಯಾಗಿ ಓಡುವುದಿಲ್ಲ. ಜೋರು ಮಳೆಗೆ ಮಣ್ಣು ಕೊಚ್ಚಿಹೋಗುವುದೂ ಅಲ್ಲಿಂದಲೇ. ಅಲ್ಲಿ ಬೇಲಿ ಇದ್ದರೆ ಬಿಟ್ಟುಕೊಟ್ಟ ತುಸು ನೆಲ, ಉಳಿದ ಹೊಲದ ಮಣ್ಣನ್ನು ಹಿಡಿದು ಕೂರುತ್ತದೆ.

ಇಲಿ, ಹಾವು, ಹಂದಿ ಬೇಲಿಯಲ್ಲಿ ಸೇರಿಕೊಳ್ಳುತ್ತವೆ ಎಂಬ ಮಾತೂ ಇದೆ. ಬದುವಿನಲ್ಲಿ ಇಲಿಯ ಬಿಲ ಇರುವುದು ಸುಳ್ಳಲ್ಲ. ಅದೇ ಬದುವಿನಲ್ಲಿ ಇಲಿ ತಿನ್ನುವ ಕೇರೆಹಾವು, ಮುಂಗುಸಿಯೂ ಇರುತ್ತವೆ. ಅದಲ್ಲದೆ ಇಲಿಗೂ ಹಂದಿಗೂ ಕಬ್ಬಿನ ಗದ್ದೆಗಿಂತ ಒಳ್ಳೆಯ ಅಡಗುದಾಣ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಪಶ್ಚಿಮ ಮಹಾರಾಷ್ಟ್ರದಲ್ಲಿ ಚಿರತೆಯೂ ಕಬ್ಬಿನೊಳಗೆ ಮರಿಹಾಕುತ್ತದೆ. ಕಬ್ಬನ್ನು ಯಾರೂ ದೂರುವುದಿಲ್ಲ, ಅದರಿಂದ ಹಣ ಬರುತ್ತದೆ. ಆಜರಾ, ಚಂದಗಡದ ಕಾಡುಕೋಣಗಳನ್ನು, ಕರ್ನಾಟಕದ ಕಾಡಿನಿಂದ ದಾಟಿಬಂದ ಆನೆಗಳನ್ನು ಬಾರಿಮುಳ್ಳು ತಡೆಯಲಾರದು ಎಂಬುದನ್ನು ಒಪ್ಪಲೇಬೇಕು. ಅವುಗಳ ಕಾಟವಿದ್ದಲ್ಲಿ ಬೇರೆ ಉಪಾಯ ಬೇಕು. ಆದರೆ ದನ, ಆಡು, ನಾಯಿಗಳನ್ನು ತಡೆಯಲು ಅದು ಸಾಕು, ಮತ್ತು ತಂತಿ ತುಕ್ಕು ಹಿಡಿದು ಹರಿದರೆ ತಾನಾಗಿ ಚಿಗುರುವುದಿಲ್ಲ. ಬೇಲಿಯಲ್ಲಿ ಕಂಡಿ ಬಿದ್ದರೆ ಪಿಕಳಾರ ಹಣ್ಣು ತಿಂದು ಅಲ್ಲೇ ಕೂತು ಹಿಕ್ಕೆ ಹಾಕಿ, ಪರಗಿಯನ್ನೋ ಕಾರಿಯನ್ನೋ ತಾನೇ ಬಿತ್ತುತ್ತದೆ.

ಹಕ್ಕಿ ಬಿತ್ತಿದ್ದೆಲ್ಲ ಒಳ್ಳೆಯದೇ ಎಂದುಕೊಂಡರೂ ತಪ್ಪಾಗುತ್ತದೆ. ಲಂಟಾನವನ್ನು ಹರಡಿದ್ದೂ ಅದೇ ಪಿಕಳಾರ. 19ನೆಯ ಶತಮಾನದ ಆರಂಭದಲ್ಲಿ ಚೆಂದದ ಹೂವಿಗೆಂದು ಹೊರದೇಶದಿಂದ ತಂದ ಗಿಡ ಅದು. ಮರಾಠಿಯವರು ಅದರ ವಾಸನೆ ನೋಡಿ ಘಾಣೇರಿ ಎಂದರು. ಅದರ ಎಲೆ ತಿಂದ ದನದ ಪಿತ್ತಜನಕಾಂಗ ಕೆಡುತ್ತದೆ. ಗುಲಗಂಜಿಯ ಮಾತೂ ಬೇಕು. ಎಂಟು ಗುಲಗಂಜಿಗೆ ಒಂದು ಮಾಸ, ಹನ್ನೆರಡು ಮಾಸಕ್ಕೆ ಒಂದು ತೊಲ ಎಂದು ಅಕ್ಕಸಾಲಿಗರು ಚಿನ್ನ ತೂಗಿದ ಆ ಕಾಳನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮರಹರಳಿನ ಬೀಜ ತಿಂದ ಶಾಲೆಯ ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರುವ ಸುದ್ದಿ ಆಗಾಗ ಬರುತ್ತದೆ. ಇದನ್ನೇ ಮುಂದಿಟ್ಟು ಬೇಲಿಯೇ ಬೇಡವೆನ್ನುವವರಿಗೆ ನನ್ನ ಉತ್ತರ: ಮಕ್ಕಳಿಗೆ ಅಪಾಯ ಇರುವುದು ಗಿಡದ ಗುರುತಿಲ್ಲದಿರುವುದರಲ್ಲಿ. ತಿನ್ನುವ ಹಣ್ಣು ಯಾವುದು, ಮುಟ್ಟಬಾರದ ಕಾಯಿ ಯಾವುದು ಎಂಬುದನ್ನು ದೊಡ್ಡವರ ಬೆನ್ನ ಹಿಂದೆ ಬೇಲಿಯುದ್ದಕ್ಕೂ ನಡೆದೇ ಕಲಿಯಬೇಕು. ಬೇಲಿ ಹೋದರೆ ಆ ಕಲಿಕೆಯೂ ಹೋಗುತ್ತದೆ. ರಸ್ತೆಬದಿಯ ಮರಹರಳು ಮಾತ್ರ ಉಳಿಯುತ್ತದೆ.

ಬೇಲಿ ಎಂದೂ ಒಂದೇ ರೂಪದಲ್ಲಿ ನಿಂತದ್ದಲ್ಲ ಎಂಬುದನ್ನೂ ನೆನಪಿಡಬೇಕು. ಸೀತಾಫಲವೇ ಅಮೆರಿಕ ಖಂಡದಿಂದ ಬಂದದ್ದು. ಆಡು ಬಾಯಿಹಾಕದ ಎಲೆಯಿಂದಾಗಿ ಅದು ನಮ್ಮ ಬದುಗಳಲ್ಲಿ ನೆಲೆಯೂರಿತು. ಕೆಂಪು ಹಣ್ಣಿನ ಪಾಪಾಸುಕಳ್ಳಿಯೂ ಅಲ್ಲಿಯದೇ. ದಖ್ಖನ್ನಿನ ಬೇಲಿಗಳಲ್ಲೆಲ್ಲ ಅದು ಹಬ್ಬಿ ಕಳೆಯಾದಾಗ 1926ರಲ್ಲಿ ಅದನ್ನೇ ತಿನ್ನುವ ಪುಟ್ಟ ಕೀಟವೊಂದನ್ನು ತರಿಸಿ ಬಿಟ್ಟರು, ಕಳ್ಳಿಯ ಕೋಟೆಗಳು ಕರಗಿದವು. ಇನ್ನೊಂದು ಬೇಲಿಯ ಕಥೆ ಇದಕ್ಕಿಂತ ಕಠೋರ. 19ನೆಯ ಶತಮಾನದಲ್ಲಿ ಬ್ರಿಟಿಷ್ ಸರಕಾರ ಉಪ್ಪಿನ ಸುಂಕ ತಪ್ಪಿಸಿಕೊಂಡು ಹೋಗುವವರನ್ನು ತಡೆಯಲು ಉತ್ತರ ಭಾರತದಲ್ಲಿ ನೂರಾರು ಮೈಲಿ ಉದ್ದದ ಮುಳ್ಳುಬೇಲಿ ಬೆಳೆಸಿತು. ಮುಂದೆ ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದ ಎ. ಓ. ಹ್ಯೂಮ್ ಒಂದು ಕಾಲಕ್ಕೆ ಆ ಸುಂಕದ ಇಲಾಖೆಯ ಮುಖ್ಯಸ್ಥರಾಗಿದ್ದರು. ಅಲ್ಲಿ ನೆಟ್ಟದ್ದು ಬಾರಿ, ಜಾಲಿ, ಕವಳಿ, ಕಳ್ಳಿ. ನಮ್ಮ ಬದುಗಳ ಗಿಡಗಳೇ. ಬಡವರ ಗಂಜಿಗೆ ಉಪ್ಪು ಸಿಗದಂತೆ ಅಡ್ಡ ನಿಂತ ಆ ಬೇಲಿಯನ್ನು 1879ರಲ್ಲಿ ಕೈಬಿಟ್ಟರು, ಯಾರೂ ಅದಕ್ಕಾಗಿ ಅಳಲಿಲ್ಲ. ಗಿಡ ಒಂದೇ ಆದರೂ ಅದನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬುದರ ಮೇಲೆ ಅದರ ಬಾಳು ನಿಂತಿದೆ.

ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಯಂತ್ರಗಳಿಗೆ ದಾರಿ ಮಾಡಲು ಬೇಲಿಗಳನ್ನು ಮೈಲಿಗಟ್ಟಲೆ ಕಿತ್ತರು, ಆಮೇಲೆ ಅದೇ ರೈತರಿಗೆ ಹಣ ಕೊಟ್ಟು ಮತ್ತೆ ನೆಡಿಸಿದರು. 1997ರ ನಿಯಮದಂತೆ ಅಲ್ಲಿ ಹಳ್ಳಿಗಾಡಿನ ಬಹುತೇಕ ಬೇಲಿಗಳನ್ನು ಸ್ಥಳೀಯ ಆಡಳಿತಕ್ಕೆ ತಿಳಿಸದೆ ಕೀಳುವಂತಿಲ್ಲ. 2024ರ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಕ್ಕಿಗಳು ಗೂಡು ಕಟ್ಟುವ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿಗೆ ಕತ್ತರಿ ಹಾಕುವುದನ್ನೇ ತಡೆದಿದೆ. ಆ ತಾರೀಖುಗಳು ನಮಗೆ ಹೊಂದುವುದಿಲ್ಲ. ಆದರೆ ಬೇಲಿ ಕಡಿಯಲು ತಕ್ಕ ತಿಂಗಳು, ತಗದ ತಿಂಗಳು ಎಂಬುದುಂಟು ಎಂಬ ತಿಳಿವಳಿಕೆ ನಮ್ಮ ಗಿಡಗಳಿಗೂ ಅನ್ವಯಿಸುತ್ತದೆ. ಬಾರಿ ಹಣ್ಣು ಕಟ್ಟುವುದು ಆ ವರ್ಷದ ಹೊಸ ಚಿಗುರಿನ ಮೇಲೆ. ಅದಕ್ಕಾಗಿಯೇ ತೋಟದವರು ಏಪ್ರಿಲ್ ಮೇ ತಿಂಗಳಲ್ಲಿ, ಗಿಡ ಎಲೆ ಉದುರಿಸಿ ನಿದ್ದೆಗೆ ಬಿದ್ದಾಗ ಸವರುತ್ತಾರೆ. ಮಳೆಗೆ ಚಿಗುರೊಡೆದು ಹೂ ಕಾಯಿ ಹೆಚ್ಚುತ್ತವೆ. ಸೀತಾಫಲವನ್ನೂ ಬೇಸಿಗೆಯಲ್ಲೇ ಸವರುವುದು. ಹಳೆಯ ಒಕ್ಕಲಿಗರೂ ಬಾರಿಮುಳ್ಳನ್ನು ಚೈತ್ರ ವೈಶಾಖದಲ್ಲಿ ಕಡಿದು ಕಣಕ್ಕೂ ಬಣವೆಗೂ ಬೇಲಿ ಹಾಕುತ್ತಿದ್ದರು. ಈಗ ನಾವು ಕಡಿಯುವುದು ಆಶ್ವಿಜ ಕಾರ್ತಿಕದಲ್ಲಿ, ಟ್ರಾಲಿ ಬರುತ್ತದೆಂದು, ಸೀತಾಫಲ ಕಣ್ಣು ಬಿಡುವಾಗ, ಬಾರಿ ಕಾಯಿ ಕಟ್ಟುವಾಗ. ಆರು ತಿಂಗಳ ಈ ವ್ಯತ್ಯಾಸದಲ್ಲಿ ಒಂದು ವರ್ಷದ ಫಸಲೇ ಮಣ್ಣುಪಾಲಾಗುತ್ತದೆ. ಬೇಸಿಗೆಯಲ್ಲಿ ಹಕ್ಕಿಗಳ ಗೂಡಿರುತ್ತದಲ್ಲ ಎಂದರೆ, ಬೇಲಿಯನ್ನು ಉದ್ದಕ್ಕೂ ಒಮ್ಮೆಲೇ ಬೋಳಿಸದೆ ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಇನ್ನೊಂದು ಮಗ್ಗುಲು ಸವರಿದರಾಯಿತು.

ನೇಸರಿ, ನೂಲ, ಹಲಕರ್ಣಿಯ ರೈತಬಾಂಧವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಈ ಹಂಗಾಮಿನಲ್ಲಿ ಟ್ರಾಲಿಗೆ ಅಡ್ಡವಾಗುವ ಒಂದೆರಡು ಕೊಂಬೆಗಳನ್ನು ಮಾತ್ರ ತೆಗೆಯಿರಿ, ಉಳಿದದ್ದನ್ನು ಬೇಸಿಗೆಯವರೆಗೆ ಬಿಡಿ. ಸಂಕ್ರಾಂತಿಯಲ್ಲಿ ತಿಂದ ಬಾರಿಯ ಬೀಜವನ್ನು ಎಸೆಯದೆ ಕಾದಿಟ್ಟು ಮುಂಗಾರಿನ ಮೊದಲ ಹದಕ್ಕೆ ಬದುವಿನ ಖಾಲಿ ಜಾಗದಲ್ಲಿ ಊರಿರಿ. ಲಂಟಾನವನ್ನು ಮಾತ್ರ ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ, ಕಾಯಿ ಕಪ್ಪಾಗುವ ಮೊದಲು, ಬೇರುಸಹಿತ ಕೀಳಿರಿ.